ಎಣ್ಣೆ ಮಾರುವ ದೇಶದಲ್ಲಿ ಬಿಸಿಲಿನ ಲೆಕ್ಕ

ಕೇಳುಗರಿಗೆ ನಮಸ್ಕಾರ. ನಮ್ಮ ಕುದುರೆಮುಖದ ಗಣಿ ಶುರುವಾದದ್ದು ಇರಾನಿಗೆ ಕಬ್ಬಿಣದ ಅದಿರು ಕಳಿಸಲೆಂದು. 1979ರಲ್ಲಿ ಅಲ್ಲಿ ಕ್ರಾಂತಿಯಾಯಿತು, ಗಿರಾಕಿ ಕೈಬಿಟ್ಟ. ಗಣಿ ಬೇರೆ ಗಿರಾಕಿಗಳನ್ನು ಹುಡುಕಿಕೊಂಡು 2005ರ ಕೊನೆಯವರೆಗೆ ನಡೆಯಿತು. ಇನ್ನು ಇಡೀ ಖಜಾನೆಯೇ ಎಣ್ಣೆಯನ್ನು ನಂಬಿರುವ ದೇಶಗಳ ಪಾಡು ನೋಡಿ. ಬಿಸಿಲು ಅಲ್ಲಿ ಧಾರಾಳ. ಆದರೂ ಸೌರ ವಿದ್ಯುತ್ತಿಗೆ ಹೊರಳಲು ಯಾಕಿಷ್ಟು ತಡ?

ಸೌದಿಯಲ್ಲಿ ಬೇಸಿಗೆಯ ಏಸಿಗಳಿಗಾಗಿ ಕಚ್ಚಾ ಎಣ್ಣೆಯನ್ನೇ ಉರಿಸಿ ಕರೆಂಟು ಮಾಡುತ್ತಾರೆ. ಒಂದು ಬ್ಯಾರೆಲ್ ಅಂದರೆ 159 ಲೀಟರು. ಸಾಧಾರಣ ಸ್ಥಾವರದಲ್ಲಿ ಅದರಿಂದ ಸಿಗುವುದು ಸುಮಾರು 550 ಯೂನಿಟ್. ಸರ್ಕಾರ ಆ ಬ್ಯಾರೆಲನ್ನು ಸ್ಥಾವರಕ್ಕೆ 5 ಡಾಲರಿಗೆ ಕೊಟ್ಟಿತೆನ್ನಿ, ಯೂನಿಟ್ಟಿಗೆ ಇಂಧನದ ಖರ್ಚು ಒಂದು ಸೆಂಟಿಗೂ, ಅಂದರೆ ಡಾಲರಿನ ನೂರರಲ್ಲೊಂದು ಪಾಲಿಗೂ, ಕಡಿಮೆ. ಅದನ್ನೇ ಹಡಗಿಗೆ ತುಂಬಿ 70 ಡಾಲರಿಗೆ ಮಾರಬಹುದಿತ್ತು ಎಂದು ಲೆಕ್ಕ ಹಾಕಿದರೆ, ಸುಮಾರು 13 ಸೆಂಟ್! ಅಬುಧಾಬಿಯ ಅಲ್ ಧಫ್ರಾ ಸೌರ ಸ್ಥಾವರದ ದರ ಯೂನಿಟ್ಟಿಗೆ 1.32 ಸೆಂಟ್. ಮೊದಲ ಲೆಕ್ಕದಲ್ಲಿ ಬಿಸಿಲು ಸೋಲುತ್ತದೆ, ಎರಡನೆಯದರಲ್ಲಿ ಭರ್ಜರಿಯಾಗಿ ಗೆಲ್ಲುತ್ತದೆ. ಕಲ್ಲಿದ್ದಲು ಮಾರುವ ಇಂಡೋನೇಷ್ಯಾದ ಕಥೆಯೂ ಇದೇ: 2022ರಲ್ಲಿ ಹೊರಗಿನ ದರ ಟನ್ನಿಗೆ 400 ಡಾಲರ್ ದಾಟಿದಾಗಲೂ ಅಲ್ಲಿನ ವಿದ್ಯುತ್ ಸ್ಥಾವರಗಳಿಗೆ 70 ಡಾಲರಿನ ಮಿತಿ.

ಎರಡನೆಯ ತೊಡಕು ಬಡ್ಡಿ. ತೋಟಕ್ಕೆ ಸಾಲ ಎತ್ತಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೌರ ಸ್ಥಾವರಕ್ಕೆ ಇಂಧನದ ಖರ್ಚಿಲ್ಲ, ದುಡ್ಡೆಲ್ಲ ಮೊದಲೇ ಹಾಕಬೇಕು. ಒಂದು ಕೋಟಿ ಸಾಲವನ್ನು 25 ವರ್ಷದಲ್ಲಿ ತೀರಿಸಲು ಶೇಕಡಾ 5ರ ಬಡ್ಡಿಗೆ ವರ್ಷದ ಕಂತು 7.1 ಲಕ್ಷ, ಶೇಕಡಾ 12ಕ್ಕೆ 12.75 ಲಕ್ಷ. ಬಿಸಿಲು ಅದೇ, ಫಲಕವೂ ಅದೇ. ಎಣ್ಣೆ ದರ 2014ರಲ್ಲಿ 100 ಡಾಲರಿನ ಮೇಲಿದ್ದದ್ದು 2016ರ ಆರಂಭಕ್ಕೆ 30ರ ಕೆಳಗೆ ಇಳಿಯಿತು. ಹೀಗೆ ಆದಾಯ ಕುಸಿದಾಗಲೇ ಸಾಲ ಕೊಡುವವರೂ ಬಡ್ಡಿ ಏರಿಸುತ್ತಾರೆ. ದರ ಏರಿದಾಗ ಹಣವಿರುತ್ತದೆ, ಆದರೆ ಆಗ ಅವಸರ ಯಾರಿಗೆ?

ಎಣ್ಣೆ ಮಾರುವ ನಾರ್ವೆ ಈ ಸಿಕ್ಕಿನಿಂದ ತಪ್ಪಿಸಿಕೊಂಡಿತು. ದೇಶದೊಳಗಿನ ಕರೆಂಟು ಬಹುಪಾಲು ಜಲವಿದ್ಯುತ್. ಎಣ್ಣೆಯ ಹಣ 1996ರಿಂದ ಒಂದು ನಿಧಿಗೆ ಹೋಗುತ್ತದೆ, ಸರ್ಕಾರ ವರ್ಷಕ್ಕೆ ಅದರ ಸುಮಾರು ಶೇಕಡಾ 3ರಷ್ಟನ್ನು ಮಾತ್ರ ಖರ್ಚಿಗೆ ತೆಗೆಯಬೇಕೆಂಬ ನಿಯಮವಿದೆ. ಹಾಗೆಂದು ಅದೇನೂ ಬಾವಿಗಳನ್ನು ಮುಚ್ಚಿಲ್ಲ, ಹೊರಗೆ ಮಾರುವುದನ್ನು ಮಾರುತ್ತಲೇ ಇದೆ.