ಕ್ಯಾಸಲ್‌ರಾಕ್‌ನಲ್ಲಿ ರೈಲು ಯಾಕೆ ನಿಲ್ಲುತ್ತದೆ?

ಕೇಳುಗರಿಗೆ ನಮಸ್ಕಾರ.

ಹುಬ್ಬಳ್ಳಿಯಿಂದ ಗೋವಾಕ್ಕೆ ರೈಲಿನಲ್ಲಿ ಹೋದವರಿಗೆ ಕ್ಯಾಸಲ್‌ರಾಕ್ ನೆನಪಿರುತ್ತದೆ. ಲೋಂಡಾ ದಾಟಿ, ಕಾಡು ದಟ್ಟವಾದ ಮೇಲೆ ಬರುವ ಸ್ಟೇಷನ್ ಅದು. ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಪುಟ್ಟ ಊರು. ಇಷ್ಟು ಸಣ್ಣ ಊರಲ್ಲಿ ಅಷ್ಟು ಹೊತ್ತು ರೈಲು ಯಾಕೆ ನಿಲ್ಲಬೇಕು ಅನ್ನಿಸುತ್ತದೆ, ಅಲ್ವಾ?

ಹಿಂದೆ ಅದಕ್ಕೆ ಕಾರಣ ಗಡಿ. ಗೋವಾ ಪೋರ್ಚುಗೀಸರದು, ಘಟ್ಟದ ಮೇಲಿನ ಸೀಮೆ ಬ್ರಿಟಿಷರದು. ಗೋವಾದ ಮುರ್ಮುಗಾವ್ ಬಂದರಿನಿಂದ ರೈಲು ತರಲು 1878ರಲ್ಲಿ ಇಬ್ಬರೂ ಒಪ್ಪಂದ ಮಾಡಿಕೊಂಡರು. ಬೆಟ್ಟ ಕಡಿದು, ಸುರಂಗ ಕೊರೆದು, 1888ರ ಹೊತ್ತಿಗೆ ಒಂದು ಮೀಟರ್ ಅಗಲದ, ಅಂದರೆ ಮೀಟರ್ ಗೇಜ್ ಹಳಿ ಘಟ್ಟ ಹತ್ತಿತು. ಆ ಕೂಲಿಗಳ ಹೆಸರು ಎಲ್ಲೂ ಕೆತ್ತಿಲ್ಲ. ಸುರಂಗ ಬಂದಾಗಲೆಲ್ಲ ನನಗೆ ಅವರದೇ ನೆನಪು.

ಮೇಲೆ ಕ್ಯಾಸಲ್‌ರಾಕ್‌ನಲ್ಲಿ ಒಂದು ಕಸ್ಟಮ್ಸ್, ಕೆಳಗೆ ಗೋವಾದ ಕುಳೇಂನಲ್ಲಿ ಇನ್ನೊಂದು. ಮುಂಬೈಯಲ್ಲಿ ದುಡಿಯುತ್ತಿದ್ದ ಗೋವಾದ ಜನ ಹಬ್ಬಕ್ಕೆ ಊರಿಗೆ ಹೊರಟರೂ ತಪಾಸಣೆ ತಪ್ಪುತ್ತಿರಲಿಲ್ಲ. ಟ್ರಂಕಿನ ಬೀಗ ತೆಗೆಯಬೇಕು, ಮಡಚಿಟ್ಟ ಬಟ್ಟೆ ಬಿಡಿಸಿ ತೋರಿಸಬೇಕು, ಮತ್ತೆ ತುಂಬಿಕೊಳ್ಳಬೇಕು. ಘಟ್ಟ ಇಳಿದ ಮೇಲೆ ಇನ್ನೊಮ್ಮೆ ಅದೇ ಕೆಲಸ.

1947ರಲ್ಲಿ ಸ್ವಾತಂತ್ರ್ಯ ಬಂತು, ಗಡಿ ಮಾತ್ರ ಹೋಗಲಿಲ್ಲ. 1955ರ ಆಗಸ್ಟ್ 15ರಂದು ಸತ್ಯಾಗ್ರಹಿಗಳು ಬರಿಗೈಯಲ್ಲಿ ಈ ಕಡೆಯಿಂದಲೂ ಗೋವಾದೊಳಗೆ ನಡೆದರು. ಪೋರ್ಚುಗೀಸರು ಗುಂಡು ಹಾರಿಸಿದರು. ಆ ವರ್ಷ ರೈಲೂ ನಿಂತುಹೋಯಿತು. ರೈಲಿನ ಸದ್ದಿಗೇ ದಿನ ಎಣಿಸುತ್ತಿದ್ದ ಊರಿಗೆ ಅದೆಂಥ ಮೌನ ಇದ್ದಿರಬೇಕು! 1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆಯಾದ ಮೇಲೆಯೇ ಮತ್ತೆ ರೈಲು ಓಡಿದ್ದು.

ಈಗ ಕಸ್ಟಮ್ಸ್ ಇಲ್ಲ. 1990ರ ದಶಕದಲ್ಲಿ ಹಳಿಯೂ ಅಗಲವಾಗಿ ಬ್ರಾಡ್ ಗೇಜ್ ಆಯಿತು. ಆದರೂ ರೈಲು ನಿಲ್ಲುತ್ತದೆ, ಯಾಕೆಂದರೆ ಇಳಿಜಾರು ಹಾಗೇ ಇದೆ. 37 ಮೀಟರ್ ಮುಂದೆ ಹೋದರೆ 1 ಮೀಟರ್ ಇಳಿತ. ರೈಲಿಗೆ ಇದು ತುಂಬಾ ಜಾಸ್ತಿ. ಬಂದರಿನಿಂದ ಕಲ್ಲಿದ್ದಲು ತುಂಬಿ ಮೇಲೆ ಬರುವ ಗಾಡಿಗೆ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್‌ಗಳು ಬೇಕು. ಇಳಿಯುವ ಗಾಡಿಯ ಬ್ರೇಕ್ ಇಲ್ಲೇ ಪರೀಕ್ಷೆ ಆಗಬೇಕು.

ಮುಂದಿನ ಸಲ ಹೋದಾಗ ನಿದ್ದೆ ಮಾಡಬೇಡಿ. ಕಿಟಕಿ ತೆಗೆದು ಸುಮ್ನೆ ಕೂತಿರಿ. ಗಾಲಿಗಳ ಹತ್ತಿರ ಸುಯ್ ಅಂತ ಗಾಳಿ ಬಿಡುವ ಸದ್ದು ಕೇಳುತ್ತದೆ. ಆಮೇಲೆ ಒಂದು ಸಣ್ಣ ಜಗ್ಗು. ಪ್ಲಾಟ್‌ಫಾರ್ಮ್ ಮೆಲ್ಲಗೆ ಹಿಂದೆ ಸರಿಯುತ್ತದೆ, ಘಟ್ಟ ಶುರುವಾಗುತ್ತದೆ.

ನಮಸ್ಕಾರ.