ಹಳೆಯ ಏರ್‌ಗನ್‌ನ ನಡುಕ ಬಿಡಿಸುವುದು

ಎಲ್ಲರಿಗೂ ನಮಸ್ಕಾರ.

ಜಾತ್ರೆಯಲ್ಲಿ ಬಲೂನಿಗೆ ಗುರಿ ಹೊಡೆಯುವ ಅಂಗಡಿ ನಿಮಗೆಲ್ಲ ಗೊತ್ತು. ನಳಿಗೆ ಮಡಚಿ, ಗುಂಡು ಇಟ್ಟು, ಟ್ರಿಗರ್ ಎಳೆದರೆ ಮೊದಲು ‘ಠಪ್’ ಅನ್ನುತ್ತದೆ. ಅದರ ಬೆನ್ನಿಗೇ ‘ಝಂಯ್’ ಅಂತ ಒಂದು ನಡುಕ ಕೆನ್ನೆಗೆ ಬರುತ್ತದೆ, ಹಲ್ಲಿಗೂ ಬರುತ್ತದೆ. ಇವತ್ತು ನಾನು ಮಾತಾಡುವುದು ಆ ‘ಝಂಯ್’ ಬಗ್ಗೆ. ಅದು ಎಲ್ಲಿಂದ ಬರುತ್ತದೆ, ಅದನ್ನು ಹೇಗೆ ಬಿಡಿಸಬೇಕು ಅನ್ನುವುದೇ ವಿಷಯ.

ಮೇಜಿನ ಮೇಲಿರುವುದು ಡಯಾನಾ 27. ಜರ್ಮನಿಯ ರಾಸ್ಟಾಟ್ ಊರಿನ ಮೇಯರ್ ಉಂಡ್ ಗ್ರಾಮೆಲ್‌ಸ್ಪಾಕರ್ ಕಂಪನಿಯದು. 1890ರಲ್ಲಿ ಶುರುವಾದ ಕಂಪನಿ ಅದು. ಅವರ ಗುರುತನ್ನು ಹತ್ತಿರದಿಂದ ನೋಡಿ. ಬೇಟೆಯ ದೇವತೆ ಡಯಾನಾ ಬಿಲ್ಲನ್ನು ಎಸೆದು, ಏರ್‌ಗನ್ ಮೇಲೆತ್ತಿ ಹಿಡಿದಿದ್ದಾಳೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಕಾರ್ಖಾನೆಯ ಯಂತ್ರಗಳು ಯುದ್ಧ ಪರಿಹಾರವಾಗಿ ಬ್ರಿಟನ್‌ಗೆ ಹೋದವು. ಸ್ಕಾಟ್ಲೆಂಡಿನ ಮಿಲ್‌ಬ್ರೋ ಕಂಪನಿ ಡಯಾನಾ ಹೆಸರಿನಲ್ಲೇ ಬಂದೂಕು ಮಾಡಿತು. ಹಾಗಾಗಿ ಜರ್ಮನಿಯವರು ತಮ್ಮದೇ ಬಂದೂಕನ್ನು ಬ್ರಿಟನ್‌ನಲ್ಲಿ ‘ಒರಿಜಿನಲ್’ ಅನ್ನೋ ಹೆಸರಿನಲ್ಲಿ ಮಾರಬೇಕಾಯಿತು. ಅಮೆರಿಕದಲ್ಲಿ ಇದೇ ಬಂದೂಕು ವಿಂಚೆಸ್ಟರ್ 427 ಆಯಿತು. ಇದರ ಬಲ ಹೆಚ್ಚೇನಿಲ್ಲ. ಅರ್ಧ ಗ್ರಾಂ ತೂಕದ 4.5 ಮಿ.ಮೀ. ಗುಂಡನ್ನು ಸೆಕೆಂಡಿಗೆ 170–180 ಮೀಟರ್ ವೇಗದಲ್ಲಿ ಕಳಿಸಿದರೆ ಇದರ ಕೆಲಸ ಆಯಿತು. ಆದರೂ ಇಷ್ಟು ಹದವಾದ ಬಂದೂಕು ಇನ್ನೊಂದು ಸಿಗುವುದು ಕಷ್ಟ ಅಂತ ನಾನು ನಂಬಿದ್ದೇನೆ.

ಒಳಗೆ ಏನಿದೆ? ಸೈಕಲ್ ಪಂಪು ಇದೆ. ಸುಮ್ನೆ ಹೋಲಿಕೆಗೆ ಹೇಳುತ್ತಿಲ್ಲ, ನಿಜವಾಗಿಯೂ ಅದೇ. ಒಂದು ಸಿಲಿಂಡರ್, ಒಂದು ಪಿಸ್ಟನ್, ಪಿಸ್ಟನ್ ತುದಿಗೆ ಬಟ್ಟಲಿನಂಥ ತೊಗಲಿನ ವಾಷರ್. ಪಂಪನ್ನು ನಾವು ಕೈಯಿಂದ ಒತ್ತುತ್ತೇವೆ. ಇಲ್ಲಿ ನಳಿಗೆ ಮಡಚಿದಾಗ ಹಿಂಡಿಕೊಂಡ ಸ್ಪ್ರಿಂಗ್ ಒತ್ತುತ್ತದೆ. ಟ್ರಿಗರ್ ಎಳೆದ ಕೂಡಲೇ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಆಗ ಬಂದೂಕು ಹಿಂದಕ್ಕೆ ಸರಿಯುತ್ತದೆ. ಮುಂದಿರುವ ಗಾಳಿ ಹಿಂಡಿಕೊಂಡು ಮೆತ್ತೆಯಂತಾಗಿ ಪಿಸ್ಟನ್ನನ್ನು ತಡೆಯುತ್ತದೆ, ಆಗ ಬಂದೂಕು ಮುಂದಕ್ಕೆ ಜಗ್ಗುತ್ತದೆ. ಗುಂಡು ಇನ್ನೂ ನಳಿಗೆಯೊಳಗೇ ಇರುತ್ತದೆ! ಬೇರೆ ಬಂದೂಕುಗಳು ಹಿಂದಕ್ಕೆ ಮಾತ್ರ ಒದೆಯುತ್ತವೆ. ಇದು ಎರಡೂ ಕಡೆ ಒದೆಯುತ್ತದೆ. ದೊಡ್ಡ ಬಂದೂಕಿನ ಒದೆತ ತಡೆದುಕೊಂಡ ದುರ್ಬೀನು ಸಣ್ಣ ಏರ್‌ಗನ್ ಮೇಲೆ ಕೆಟ್ಟುಹೋಗುವುದು ಈ ಮುಂದಿನ ಜಗ್ಗಿಗೇ. ಗುಂಡಿಲ್ಲದೆ ಹೊಡೆಯಬೇಡಿ ಅನ್ನುವುದಕ್ಕೂ ಕಾರಣ ಇಲ್ಲೇ ಇದೆ. ಗಾಳಿ ನಿಲ್ಲದೆ ಹೊರಗೆ ಹೋದರೆ ಮೆತ್ತೆ ಇರುವುದಿಲ್ಲ, ಪಿಸ್ಟನ್ ನೇರವಾಗಿ ಕಬ್ಬಿಣಕ್ಕೇ ಬಡಿಯುತ್ತದೆ.

ಈ ಎರಡು ಒದೆತವನ್ನು ಪೂರ್ತಿ ತೆಗೆಯಲು ಆಗುವುದಿಲ್ಲ. ಆದರೆ ‘ಝಂಯ್’ ಬೇರೆ. ಅದು ಕೆಲಸ ಮುಗಿದ ಮೇಲೂ ಸ್ಪ್ರಿಂಗ್ ಅದುರುತ್ತಾ ಇರುವ ಸದ್ದು. ಅದನ್ನು ತೆಗೆಯಬಹುದು.

ನಾನು ಲೇತ್ ಮೇಲೆ ಕೆಲಸ ಮಾಡಿದವನು. ಈ ಬಂದೂಕು ಕೈಗೆ ಬಂದಾಗ ನಡುಕ ಜಾಸ್ತಿ ಇದೆ ಅಂತ ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಅವರು ಗಟ್ಟಿ ಸ್ಪ್ರಿಂಗ್ ಹಾಕಿ ಕೊಟ್ಟರು. ಮಡಚುವುದಕ್ಕೆ ಎರಡು ಕೈ ಬೇಕಾಯಿತು. ಮೊದಲು ಹತ್ತು ಮೀಟರಿನಲ್ಲಿ ಐದು ಗುಂಡು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬೀಳುತ್ತಿದ್ದವು, ಆಮೇಲೆ ಸಾಸರಿನಷ್ಟು ಅಗಲ ಹರಡಿದವು. ಹಳೆ ಏರ್‌ಗನ್‌ಗೆ ಜನ ಮಾಡುವ ದೊಡ್ಡ ತಪ್ಪು ಇದೇ. ಬೇಕಾದದ್ದು ಬಲವಲ್ಲ, ಫಿಟ್ಟಿಂಗ್. ಆ ಸ್ಪ್ರಿಂಗ್ ಕಿತ್ತು, ಹಳೆಯದರ ಅಳತೆಯದನ್ನೇ ಹಾಕಿ, ಉಳಿದದ್ದನ್ನು ನಾನೇ ಮಾಡಿದೆ.

ಬಿಚ್ಚುವ ಮೊದಲು ಎರಡು ಕೆಲಸ ಇದೆ. ಮರದ ಹಿಡಿಯ ಸ್ಕ್ರೂಗಳನ್ನು ಬಿಗಿ ಮಾಡಿ. ಅರ್ಧ ನಡುಕ ಅಲ್ಲೇ ಹೋಗುವುದೂ ಉಂಟು. ಆಮೇಲೆ ನಳಿಗೆ ಮಡಚುವ ಸಂದಿನ ಮೇಲೆ ಟಿಶ್ಯೂ ಕಾಗದದ ಪಟ್ಟಿ ಇಟ್ಟು ಒಂದು ಗುಂಡು ಹೊಡೆಯಿರಿ. ಕಾಗದ ಹಾರಿದರೆ ಅಲ್ಲಿ ಗಾಳಿ ಸೋರುತ್ತಿದೆ ಅಂತ. ಆ ಸಂದಿನ ಸಣ್ಣ ವಾಷರ್ ಬದಲಾಯಿಸಬೇಕು.

ಬಿಚ್ಚುವಾಗ ದಯವಿಟ್ಟು ಎಚ್ಚರ. ಮಡಚದೆ ಇಟ್ಟ ಬಂದೂಕಿನಲ್ಲೂ ಸ್ಪ್ರಿಂಗ್ ಒತ್ತಿಕೊಂಡೇ ಕೂತಿರುತ್ತದೆ. ಬಡಗಿಯ ಉದ್ದ ಕ್ಲ್ಯಾಂಪಿನಲ್ಲಿ ಹಿಡಿದು, ಪಿನ್ನು ತೆಗೆದು, ನಿಧಾನವಾಗಿ ಸಡಿಲ ಬಿಡಬೇಕು. ಡಯಾನಾ 27ರಲ್ಲಿ ಪಿಸ್ಟನ್ ಕಡ್ಡಿಯನ್ನು ಹಿಡಿದಿಡುವುದು ಮೂರು ಉಕ್ಕಿನ ಗೋಲಿಗಳು. ಬಲವಾದ ಸ್ಪ್ರಿಂಗನ್ನು ಹಿಡಿದಿದ್ದರೂ ಟ್ರಿಗರ್ ಅಷ್ಟು ಹಗುರಾಗಿರುವುದು ಆ ಜೋಡಣೆಯಿಂದ. ಅವು ಗ್ರೀಸಿಗೆ ಅಂಟಿಕೊಂಡು ಬರುತ್ತವೆ, ಹಾಗೇ ಉದುರಿ ಮೂಲೆ ಸೇರುತ್ತವೆ. ಕೆಳಗೆ ಒಂದು ಬಿಳಿ ಪಂಚೆ ಹಾಸಿಕೊಳ್ಳಿ.

ನನ್ನ ಬಂದೂಕಿನ ವಾಷರ್ ಹೊರಗೆ ಬಂದಾಗ ಬಿಸಿಲಿಗೆ ಬಿದ್ದ ಹಳೆ ಚಪ್ಪಲಿಯ ಅಟ್ಟೆಯ ಹಾಗೆ ಒಣಗಿತ್ತು. ಉಗುರಿನಲ್ಲಿ ಒತ್ತಿದರೆ ಗೆರೆ ಬೀಳಲಿಲ್ಲ. ಎಣ್ಣೆಯಲ್ಲಿ ಎರಡು ದಿನ ನೆನೆಸಿಟ್ಟೆ. ಮೂರನೇ ದಿನ ಅದರ ಅಂಚು ಬೆರಳಿಗೆ ಬಗ್ಗಿತು. ಪಂಪ್ ಸ್ಟವ್ ಇಟ್ಟುಕೊಂಡಿದ್ದ ಮನೆಯವರಿಗೆ ಇದು ಹೊಸದಲ್ಲ, ಅಲ್ವಾ? ತೊಗಲು ಮೆತ್ತಗಾದರೆ ಗಾಳಿಯೇ ಅದರ ಅಂಚನ್ನು ಸಿಲಿಂಡರಿಗೆ ಒತ್ತಿ ಹಿಡಿಯುತ್ತದೆ. ಹೊರದೇಶದವರು ದನದ ಕಾಲಿನ ಮೂಳೆಯಿಂದ ತೆಗೆದ ನೀಟ್ಸ್‌ಫುಟ್ ಎಣ್ಣೆ ಬಳಸುತ್ತಾರೆ. ತೆಂಗಿನೆಣ್ಣೆ ಬೇಡ. ಚಳಿಗಾಲದಲ್ಲಿ ಬಾಟಲಿಯಲ್ಲಿ ಗಟ್ಟಿಯಾಗುವ ಎಣ್ಣೆ ವಾಷರಿನಲ್ಲೂ ಗಟ್ಟಿಯಾಗುತ್ತದೆ.

ಎಣ್ಣೆ ತೊಗಲಿಗೆ ಬೇಕು, ಆದರೆ ಪಿಸ್ಟನ್ ಮುಂದೆ ನಿಲ್ಲಬಾರದು. ಗಾಳಿಯನ್ನು ಅಷ್ಟು ಬೇಗ ಹಿಂಡಿದರೆ ಅದು ನೂರಾರು ಡಿಗ್ರಿ ಬಿಸಿಯಾಗುತ್ತದೆ. ಎಣ್ಣೆ ಹತ್ತಿಕೊಳ್ಳುತ್ತದೆ, ಡೀಸೆಲ್ ಇಂಜಿನ್ನಿನ ಹಾಗೆಯೇ. ಇಂಗ್ಲೆಂಡಿನ ಕಾರ್ಡ್ಯೂ ಎಂಬ ಅಪ್ಪ-ಮಗ ಒಂದು ಸ್ಪ್ರಿಂಗ್ ಏರ್‌ಗನ್ನನ್ನು ಬರೀ ನೈಟ್ರೋಜನ್ ತುಂಬಿ ಹೊಡೆದು ನೋಡಿದರು. ಗುಂಡಿನ ವೇಗ ತುಂಬಾ ಇಳಿದುಹೋಯಿತು. ಅಂದರೆ ಚೂರು ಎಣ್ಣೆ ಉರಿಯುವುದು ಇಂಥ ಬಂದೂಕಿನ ಕೆಲಸದ ಭಾಗವೇ. ಜಾಸ್ತಿಯಾದಾಗ ಮಾತ್ರ ಪಟಾಕಿಯಂತೆ ಸಿಡಿದು ಸ್ಪ್ರಿಂಗು, ವಾಷರು ಎರಡನ್ನೂ ಹಾಳು ಮಾಡುತ್ತದೆ.

ಈಗ ಸ್ಪ್ರಿಂಗಿಗೆ ಬರೋಣ. ಸೀಮೆಎಣ್ಣೆಯಲ್ಲಿ ತೊಳೆದು, ಕಿಟಕಿ ಗಾಜಿನ ಮೇಲೆ ಉರುಳಿಸಿ. ನೆಟ್ಟಗಿದ್ದರೆ ಒಂದೇ ಸಮ ಉರುಳುತ್ತದೆ. ಬಾಗಿದ್ದರೆ ಕುಂಟುತ್ತದೆ, ಅದನ್ನು ತೆಗೆದಿಡಿ. ಎರಡೂ ತುದಿ ಸಪಾಟಾಗಿ ಕನ್ನಡಿಯ ಹಾಗೆ ಹೊಳೆಯಬೇಕು. ಸ್ಪ್ರಿಂಗ್ ಒತ್ತಿದಾಗ, ಬಿಟ್ಟಾಗ ಅದರ ತುದಿ ಚೂರು ತಿರುಗುತ್ತದೆ. ತುದಿ ಒರಟಾಗಿದ್ದರೆ ತಡೆದು ತಡೆದು ತಿರುಗುತ್ತದೆ, ಆ ತಿರುಚು ನೇರ ನಿಮ್ಮ ಕೈಗೆ ಬರುತ್ತದೆ. ನುಣುಪಾದ ಒಂದು ಉಕ್ಕಿನ ವಾಷರ್ ಮೇಲೆ ಕೂರಿಸಿದರೆ ಸಲೀಸಾಗಿ ತಿರುಗುತ್ತದೆ.

‘ಝಂಯ್’ ಇರುವುದು ಮುಖ್ಯವಾಗಿ ಗೈಡಿನಲ್ಲಿ. ಸ್ಪ್ರಿಂಗಿನ ಒಳಗೆ ನಿಲ್ಲುವ ಕೊಳವೆ ಅದು. ಹಳೆ ಬಂದೂಕುಗಳಲ್ಲಿ ಅದಕ್ಕೂ ಸ್ಪ್ರಿಂಗಿಗೂ ನಡುವೆ ಪ್ಲೇ, ಅಂದರೆ ಸಡಿಲ, ಜಾಸ್ತಿ. ಆ ಸಂದಿನಲ್ಲೇ ಸ್ಪ್ರಿಂಗ್ ಕುಣಿಯುತ್ತದೆ. ನಾನು ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಕಂಬಿಯಲ್ಲಿ ಲೇತ್ ಮೇಲೆ ಹೊಸ ಗೈಡ್ ತಿರುವಿದೆ. ಸ್ಪ್ರಿಂಗಿನ ಒಳ ಅಳತೆಯನ್ನು ಒಂದೇ ಕಡೆ ನೋಡಿದರೆ ಸಾಲದು, ನಾಲ್ಕು ಕಡೆ ನೋಡಬೇಕು. ಒಂದೊಂದೇ ಕೂದಲೆಳೆಯಷ್ಟು ತೆಗೆಯುತ್ತಾ, ಪ್ರತಿ ಸಲ ಹಾಕಿ ನೋಡುತ್ತಾ ಹೋದೆ. ಕೈಯಲ್ಲಿ ತಿರುಗಿಸಿ ಒತ್ತಿದರೆ ಮಾತ್ರ ಹತ್ತಬೇಕು, ಎತ್ತಿ ಹಿಡಿದರೆ ಗೈಡ್ ಜಾರಿ ಬೀಳಬಾರದು. ಹದ ಅಂದರೆ ಅಷ್ಟು. ಒತ್ತಿದಾಗ ಸ್ಪ್ರಿಂಗ್ ಸ್ವಲ್ಪ ದಪ್ಪ ಆಗುವುದರಿಂದ ಒಳಗೆ ಬಿಗಿ ಇದ್ದರೂ ಸಿಕ್ಕಿಕೊಳ್ಳುವುದಿಲ್ಲ. ಹೊರಗಡೆ, ಸ್ಪ್ರಿಂಗ್ ಕೂರುವ ಟೊಳ್ಳು ಪಿಸ್ಟನ್ನಿನ ಗೋಡೆಗೆ ಮಾತ್ರ ಜಾಗ ಬಿಡಬೇಕು.

ನಳಿಗೆ ಮಡಚುವಾಗ ಪಿಸ್ಟನ್ ತಳ್ಳುವ ಕಡ್ಡಿ ಓಡಾಡಲು ಸಿಲಿಂಡರಿನಲ್ಲಿ ಒಂದು ಸೀಳು ಇರುತ್ತದೆ. ಅದರ ಅಂಚಿಗೆ ಬೆರಳಿನಿಂದಲ್ಲ, ಹತ್ತಿಯಿಂದ ಸವರಿ. ಎಳೆ ಸಿಕ್ಕಿಕೊಂಡ ಕಡೆ ಬರ್, ಅಂದರೆ ಲೋಹದ ಚೂಪು ಮುಳ್ಳು, ಇದೆ. ಅದನ್ನು ನಯ ಮಾಡದೆ ವಾಷರ್ ತೂರಿಸಿದರೆ ಎರಡು ದಿನದ ನೆನೆಸಿದ ಶ್ರಮ ಒಂದು ಕ್ಷಣದಲ್ಲಿ ಸೀಳಿಹೋಗುತ್ತದೆ. ಪಿಸ್ಟನ್ನಿಗೆ ಸಲೀಸಾಗಿ ಜಾರಿಸುವ ಮಾಲಿಬ್ಡಿನಮ್ ಪೇಸ್ಟು, ಸ್ಪ್ರಿಂಗಿಗೆ ಅಂಟುವ ದಪ್ಪ ಗ್ರೀಸು, ಎರಡೂ ತೆಳುವಾಗಿ. ಬರೀ ಗ್ರೀಸ್ ಬಳಿದೂ ಸದ್ದು ಅಡಗಿಸಬಹುದು. ಆದರೆ ಪ್ಲೇ ಹಾಗೇ ಉಳಿಯುತ್ತದೆ, ವೇಗವೂ ಇಳಿಯುತ್ತದೆ. ನನಗೆ ಆ ದಾರಿ ಇಷ್ಟವಿಲ್ಲ.

ಜೋಡಿಸಿದ ಮೇಲೆ ಮೊದಲ ಕೆಲವು ಗುಂಡಿಗೆ ಹೊಗೆ ಬರುತ್ತದೆ, ಸುಟ್ಟೆಣ್ಣೆಯ ವಾಸನೆ ಬರುತ್ತದೆ. ಹೆದರಬೇಡಿ. ಐವತ್ತು, ನೂರು ಗುಂಡಿನ ಮೇಲೆ ವಾಷರ್ ಕೂತುಕೊಳ್ಳುತ್ತದೆ. ಆಮೇಲೆ ಬಂದೂಕನ್ನು ಬಿಗಿಯಾಗಿ ಅಪ್ಪಬೇಡಿ. ಮುಂದಿನ ಕೈಯ ಅಂಗೈ ತೆರೆದು ಅದರ ಮೇಲೆ ಇಡಿ, ಭುಜಕ್ಕೆ ಮೆಲ್ಲಗೆ ತಾಗಿಸಿ. ಅದು ಹಿಂದೆ ಮುಂದೆ ತಾನೇ ಸರಿದುಕೊಳ್ಳಲಿ. ಪ್ರತಿ ಸಲ ಒಂದೇ ರೀತಿ ಸರಿದರೆ ಗುಂಡೂ ಒಂದೇ ಕಡೆ ಹೋಗುತ್ತದೆ.

ಇಲ್ಲಿ ಎರಡು ಗೈಡ್ ಇಟ್ಟಿದ್ದೇನೆ, ಒಂದು ಹಳೆಯದು, ಒಂದು ನಾನು ತಿರುವಿದ್ದು. ಎರಡಕ್ಕೂ ಇದೇ ಸ್ಪ್ರಿಂಗ್ ಹಾಕಿ ಅಲ್ಲಾಡಿಸಿ ನೋಡಿ, ಕಿವಿಗೇ ಗೊತ್ತಾಗುತ್ತದೆ. ಈಗ ಬಂದೂಕನ್ನು ಕ್ಲ್ಯಾಂಪಿಗೆ ಹಾಕುತ್ತೇನೆ. ಮುಂದಿನ ಸಾಲಿನವರು ಸ್ವಲ್ಪ ಪಕ್ಕಕ್ಕೆ ಬನ್ನಿ. ಸ್ಪ್ರಿಂಗಿನ ಎದುರಿಗೆ ಯಾರೂ ನಿಲ್ಲುವುದು ಬೇಡ.