ನಿದ್ದೆಗೆಟ್ಟವನನ್ನು ಬೈಯುವ ಮುನ್ನ

ನಮಸ್ಕಾರ. ಮುಂಬಯಿ ಕನ್ನಡಿಗರಾದ ನಾವು ನಿದ್ದೆಗೆಟ್ಟು ದುಡಿದದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತ ಬಂದವರು. ಊರು ಬಿಟ್ಟು ಬಂದು, ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಕುಳಿತು ಓದಿದ ಹುಡುಗರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅವರ ಕಷ್ಟವನ್ನೇ ಅಳತೆಗೋಲು ಮಾಡಿಕೊಂಡು, ಇಂದು ನಿದ್ದೆಯಿಲ್ಲದೆ ತಪ್ಪು ಮಾಡುವವನನ್ನು ಸೋಮಾರಿ, ಮುಂಗೋಪಿ ಎಂದು ಜರೆಯುವುದು ಅನ್ಯಾಯ ಎಂದು ನಾನು ಭಾವಿಸುತ್ತೇನೆ.

ರಾತ್ರಿ ಹನ್ನೆರಡಕ್ಕೆ ಶಟರ್ ಎಳೆದು, ನೆಲ ಒರೆಸಿ, ಒಂದು ಗಂಟೆಗೆ ಚಾಪೆ ಬಿಡಿಸಿದ ಹುಡುಗ ಐದಕ್ಕೆ ಎದ್ದು ಇಡ್ಲಿ ಪಾತ್ರೆಯನ್ನು ಒಲೆಗೇರಿಸಬೇಕು. ಹನ್ನೊಂದರ ಹೊತ್ತಿಗೆ ಅವನು ನಾಲ್ಕನೇ ಟೇಬಲಿನವರು ಹೇಳಿದ ದೋಸೆಯನ್ನು ಏಳನೇ ಟೇಬಲಿಗೆ ಇಡುತ್ತಾನೆ. ಗಿರಾಕಿ ಗದರಿದರೆ ಎದುರುತ್ತರ ಕೊಡುತ್ತಾನೆ. ಮೊದಲನೆಯದು ಗಮನದ ಸೋಲು, ಎರಡನೆಯದು ಸಂಯಮದ ಸೋಲು. ನಿದ್ದೆ ಸಾಲದ ಮೆದುಳು, ಕಣ್ಣು ತೆರೆದಿರುವಾಗಲೇ ಕೆಲವು ಕ್ಷಣ ಹೊರಗಿನದಕ್ಕೆ ಸ್ಪಂದಿಸದೆ ಹೋಗುತ್ತದೆ. ಸಿಟ್ಟಿನ ವಿಷಯವೂ ಹಾಗೆಯೇ: 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದು ರಾತ್ರಿ ನಿದ್ದೆ ತಪ್ಪಿಸಿದವರಿಗೆ ಅಹಿತಕರ ಚಿತ್ರಗಳನ್ನು ತೋರಿಸಿದಾಗ, ಭಾವೋದ್ವೇಗಕ್ಕೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗವು ನಿದ್ದೆ ಮಾಡಿದವರಿಗಿಂತ ಸುಮಾರು ಶೇ. 60ರಷ್ಟು ಹೆಚ್ಚು ಕೆರಳಿತು, ಅದನ್ನು ಹತೋಟಿಯಲ್ಲಿಡುವ ಹಣೆಯ ಹಿಂದಿನ ಭಾಗದೊಂದಿಗೆ ಅದರ ಸಂಪರ್ಕವೂ ದುರ್ಬಲವಾಗಿತ್ತು.

“ನನಗೆ ಆರು ಗಂಟೆ ಸಾಕು, ಅಭ್ಯಾಸವಾಗಿದೆ” ಎನ್ನುವವರು ನಮ್ಮ ನಡುವೆ ಬಹಳ ಮಂದಿ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2003ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಅವರು ತಿಳಿಯಬೇಕು. ಎರಡು ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಚುರುಕುತನ ದಿನದಿಂದ ದಿನಕ್ಕೆ ಕುಸಿದು, ರಾತ್ರಿಯಿಡೀ ಎಚ್ಚರವಿದ್ದವರ ಮಟ್ಟಕ್ಕೆ ಇಳಿಯಿತು. ಆದರೆ ತಮಗೆ ಅಷ್ಟು ನಿದ್ದೆ ಬರುತ್ತಿದೆ ಎಂದು ಅವರಿಗೆ ಅನಿಸಲೇ ಇಲ್ಲ. ನನ್ನನ್ನು ಹೆಚ್ಚು ಕಾಡುವುದು ಇದೇ, ಏಕೆಂದರೆ ಕೊರತೆಯನ್ನು ಗುರುತಿಸಬೇಕಾದ ಮನಸ್ಸೇ ಆ ಕೊರತೆಯಿಂದ ಮಂಕಾಗಿರುತ್ತದೆ. ಚಹಾ ಕಾಫಿಗಳಿಂದ ಈ ಮಂಕು ಸ್ವಲ್ಪ ಹೊತ್ತು ಮರೆಯಾದೀತು, ನಿದ್ದೆಯ ಬಾಕಿ ತೀರದು.

ಡೊಂಬಿವಲಿಯಲ್ಲಿ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಲೋಕಲ್ ಹಿಡಿದವನು ರಾತ್ರಿ ಒಂಬತ್ತೂವರೆಗೆ ಸ್ಟೇಷನ್ನಿನಿಂದ ಬೈಕು ತೆಗೆಯುವ ಹೊತ್ತಿಗೆ ಹದಿನೇಳು ಗಂಟೆ ಎಚ್ಚರವಿದ್ದಂತಾಯಿತು. 1997ರ ಒಂದು ಪ್ರಸಿದ್ಧ ಸಂಶೋಧನೆಯ ಪ್ರಕಾರ, ಅಷ್ಟು ಹೊತ್ತು ಎಚ್ಚರವಿದ್ದವನ ಕಾರ್ಯಕ್ಷಮತೆ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇರುವವನ ಮಟ್ಟದಲ್ಲಿರುತ್ತದೆ. ನಮ್ಮ ಮೋಟಾರು ವಾಹನ ಕಾಯಿದೆಯ ಮಿತಿ 30 ಮಿಲಿಗ್ರಾಂ. ಕುಡಿದವನನ್ನು ನಾಕಾಬಂದಿಯಲ್ಲಿ ತಡೆಯುತ್ತಾರೆ, ನಿದ್ದೆಗೆಟ್ಟವನನ್ನು ತಡೆಯಬೇಕಾದವರು ಮನೆಯವರು ಮತ್ತು ಕೆಲಸ ಕೊಟ್ಟವರು.

ಆದ್ದರಿಂದ ಹೋಟೆಲು ನಡೆಸುವ ನಮ್ಮ ಬಂಧುಗಳಲ್ಲಿ ಒಂದು ವಿನಂತಿ: ರಾತ್ರಿ ಶಟರ್ ಎಳೆದವನನ್ನೇ ಬೆಳಿಗ್ಗೆ ಶಟರ್ ಎತ್ತಲು ಎಬ್ಬಿಸಬೇಡಿ, ಪಾಳಿಯನ್ನು ಬದಲಿಸಿ. ವಾರದ ರಜೆಯಲ್ಲಿ ಮಲಗಿಕೊಳ್ಳಲಿ ಎನ್ನುವ ಉತ್ತರ ಸಾಲದು. ಒಂದು ವಾರ ನಿದ್ದೆಗೆಟ್ಟವರನ್ನು ಬಳಿಕ ಮೂರು ರಾತ್ರಿ ಎಂಟು ಗಂಟೆ ಮಲಗಿಸಿದರೂ ಅವರ ಚುರುಕುತನ ಮೊದಲಿನಷ್ಟಾಗಲಿಲ್ಲ ಎಂಬುದು 2003ರ ಇನ್ನೊಂದು ಪ್ರಯೋಗದಲ್ಲಿ ಕಂಡುಬಂದಿದೆ.